ಬೆಟ್ಟದ ಮೇಲೆ ಎರಡು ನಿಮಿಷ

ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ಊರಿನ ಮೌಂಟ್ ಪನೋರಮಾ ವರ್ಷದ ಬಹುಪಾಲು ದಿನ ಬರೀ ಊರ ರಸ್ತೆ. ಪಕ್ಕದಲ್ಲಿ ಮನೆಗಳಿವೆ, ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ರೇಸಿನ ದಿನ ಅದೇ ರಸ್ತೆಯಲ್ಲಿ ಕಾರುಗಳು 6.213 ಕಿಲೋಮೀಟರಿನ ಸುತ್ತನ್ನು ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತವೆ.

ಈ ರಸ್ತೆಯನ್ನು ಲೇಸರ್‌ನಿಂದ ಅಳೆದು ಸಿಮ್ಯುಲೇಟರಿಗೆ ಇಳಿಸಿದ್ದಾರೆ. ಮೇಜಿಗೆ ಸ್ಟೇರಿಂಗ್ ಬಿಗಿದು ಕೂತ ಹೊಸಬನಿಗೆ ಏರುದಾರಿ ಹೇಗೋ ಕಳೆಯುತ್ತದೆ. ಫಜೀತಿ ಶುರುವಾಗುವುದು ತುದಿಯ ಸ್ಕೈಲೈನ್‌ನಲ್ಲಿ: ಮುಂದೆ ರಸ್ತೆಯೇ ಕಾಣದು, ಬರೀ ಆಕಾಶ. ಆಮೇಲೆ ಎಡಕ್ಕೂ ಬಲಕ್ಕೂ ಕಾಂಕ್ರೀಟ್ ಗೋಡೆ. ಡಿಪ್ಪರ್ ತಿರುವಿನಲ್ಲಿ ನೆಲ ಕುಸಿದಂತೆ ಇಳಿಯುತ್ತದೆ. ಸ್ಟೇರಿಂಗ್ ಕ್ಷಣಕಾಲ ಹಗುರಾಗುತ್ತದೆ, ಹೊಟ್ಟೆಯೊಳಗೆ ಮಾತ್ರ ಏನೂ ಆಗುವುದಿಲ್ಲ. ಕುರ್ಚಿ ಅಲುಗಿಲ್ಲವಲ್ಲ! ಮೈಗೆ ತಿಳಿಯದ ಇಳಿಜಾರನ್ನು ಕಣ್ಣೇ ಊಹಿಸಬೇಕು. ಬ್ರೇಕು ತಡ, ಗೋಡೆ ಬೇಗ.

ಗುಂಡಿ ಒತ್ತಿದರೆ ಕಾರು ಮತ್ತೆ ಹೊಸತು.

1980ರಲ್ಲಿ ಇದೇ ಬೆಟ್ಟದ ನಿಜವಾದ ರೇಸಿನಲ್ಲಿ ಚಾಲಕ ಡಿಕ್ ಜಾನ್ಸನ್ ಅವರಿಗೆ ಆ ಗುಂಡಿ ಇರಲಿಲ್ಲ. ಎಲ್ಲರಿಗಿಂತ ಮುಂದಿದ್ದಾಗಲೇ ರಸ್ತೆಗೆ ಬಿದ್ದಿದ್ದ ಕಲ್ಲುಬಂಡೆಗೆ ಬಡಿದು ಅವರ ಕಾರು ನಜ್ಜುಗುಜ್ಜಾಯಿತು. ಟಿವಿಯಲ್ಲಿ ನೋಡಿದ ಜನ ಫೋನು ಮಾಡಿ ದುಡ್ಡು ಕೊಟ್ಟರು. ಮರುವರ್ಷ ಅದೇ ಬೆಟ್ಟದಲ್ಲಿ, ಸಹಚಾಲಕ ಜಾನ್ ಫ್ರೆಂಚ್ ಜತೆ, ಅವರು ಗೆದ್ದರು.