ಮೇಷ್ಟ್ರ ಮೇಲೆ ಅರ್ಜಿ ಬಂದಾಗ

(ಗ್ರಾಮದ ಹಿರಿಯರು ಹಾಗೂ ಉಪಾಧ್ಯಾಯರ ಸಭೆಯಲ್ಲಿ ನಿವೃತ್ತ ಶಿಕ್ಷಣಾಧಿಕಾರಿಯೊಬ್ಬರು ಮಾಡಿದ ಭಾಷಣ)



‘ಸರ್ಕಾರಿ ಮೇಷ್ಟ್ರನ್ನು ಯಾರೂ ಅಲ್ಲಾಡಿಸಲಾರರು, ಪಾಠ ಮಾಡಿದರೂ ಸಂಬಳ, ಮಾಡದಿದ್ದರೂ ಸಂಬಳ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಅದೇ ಜನ ಸಿಟ್ಟು ಬಂದ ದಿನ ‘ನಾಳೆಯೇ ಇವರನ್ನು ಕೆಲಸದಿಂದ ತೆಗೆಸುತ್ತೇವೆ’ ಎನ್ನುತ್ತಾರೆ. ಎರಡೂ ನಿಜವಲ್ಲ.

ಇಲಾಖೆಯಲ್ಲಿದ್ದಾಗ ನಾನು ಓದಿದ ಒಂದು ಅರ್ಜಿಯ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಬಿಸಿಯೂಟದ ಅಕ್ಕಿಯನ್ನು ಮುಖ್ಯೋಪಾಧ್ಯಾಯರು ಮಾರಿಕೊಂಡರೆಂದು ಅರವತ್ತು ಜನ ಸಹಿ ಹಾಕಿದರು. ಶಾಲೆಗೆ ಬೀಗ ಜಡಿದರು. ಮೇಷ್ಟ್ರು ಅಮಾನತಾದರು. ವಿಚಾರಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು ಕೇಳಿದಾಗ, ‘ನಾನು ಕಣ್ಣಾರೆ ಕಂಡಿಲ್ಲ, ಎಲ್ಲರೂ ಒತ್ತಿದರು, ನಾನೂ ಹೆಬ್ಬೆಟ್ಟು ಒತ್ತಿದೆ’ ಎಂದವರೇ ಹೆಚ್ಚು. ಅಕ್ಕಿ ಹೋಯಿತೆಂದು ಹೇಳಿದ ದಿನ ಆ ಮೇಷ್ಟ್ರು ತಾಲ್ಲೂಕು ಕೇಂದ್ರದಲ್ಲಿ ಚುನಾವಣೆಯ ತರಬೇತಿಗೆ ಹೋಗಿದ್ದರು. ಅಲ್ಲಿಯ ಹಾಜರಿಯಲ್ಲಿ ಅವರ ಸಹಿ ಇತ್ತು. ಕೋಣೆಯ ಬೀಗದ ಕೈ ಬೇರೊಬ್ಬರ ಬಳಿ ಇತ್ತು. ಇಷ್ಟು ತಿಳಿಯುವಷ್ಟರಲ್ಲಿ ಎಂಟು ತಿಂಗಳು ಕಳೆದಿದ್ದವು. ಅಷ್ಟು ದಿನವೂ ಅವರ ಮನೆಯಾಕೆ ಕತ್ತಲಾದ ಮೇಲೆಯೇ ನಲ್ಲಿಗೆ ಹೋಗಿ ನೀರು ತರುತ್ತಿದ್ದರಂತೆ. ಮೇಷ್ಟ್ರು ನಿರಪರಾಧಿಯೆಂದಾಯಿತು, ಆದರೆ ಅವರು ಬೇರೆ ಊರಿಗೆ ವರ್ಗ ಕೇಳಿ ಹೊರಟುಹೋದರು. ಒಳ್ಳೆಯ ಗಣಿತದ ಮೇಷ್ಟ್ರು.

ಇಂಥವರಿಗೆ ಆಸರೆಯಾಗಿರುವುದು ಸಂವಿಧಾನದ 311ನೆಯ ವಿಧಿ. ಸರ್ಕಾರಿ ಸೇವಕನನ್ನು, ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಆಪಾದನೆ ಏನೆಂದು ತಿಳಿಸಿ, ಸಮಜಾಯಿಷಿ ಹೇಳಲು ತಕ್ಕ ಅವಕಾಶ ಕೊಟ್ಟು ವಿಚಾರಣೆ ಮಾಡದೆ ವಜಾ ಮಾಡುವುದಾಗಲಿ ದರ್ಜೆ ಇಳಿಸುವುದಾಗಲಿ ಸಲ್ಲದು. ಕ್ರಿಮಿನಲ್ ಮೊಕದ್ದಮೆಯಲ್ಲಿ ಶಿಕ್ಷೆಯಾಗಿದ್ದರೆ ಆ ನಡತೆಗಾಗಿ ಮತ್ತೆ ಇಂಥ ವಿಚಾರಣೆ ಬೇಕಿಲ್ಲ. ಇನ್ನೂ ಒಂದೆರಡು ವಿನಾಯಿತಿಗಳುಂಟು. ನಮ್ಮ ರಾಜ್ಯದಲ್ಲಿ ವಿಚಾರಣೆಯ ಕ್ರಮವನ್ನು ಗೊತ್ತುಮಾಡಿರುವುದು 1957ರ ಸಿವಿಲ್ ಸೇವಾ ನಿಯಮಗಳು. ಆಪಾದನೆಯನ್ನು ಅಲ್ಲಗಳೆಯುವುದು, ಸಾಕ್ಷಿಗಳಿಗೆ ಪಾಟೀಸವಾಲು ಹಾಕುವುದು, ತನ್ನ ಸಾಕ್ಷಿಗಳನ್ನು ಕರೆಸುವುದು, ಇವೆಲ್ಲ ‘ತಕ್ಕ ಅವಕಾಶ’ದಲ್ಲಿ ಸೇರಿವೆ ಎಂದು ಸುಪ್ರೀಂ ಕೋರ್ಟು 1957ರಲ್ಲೇ ಹೇಳಿತು. ವಿಚಾರಣಾ ವರದಿಯ ನಕಲನ್ನೂ ಕೊಡಬೇಕೆಂದು 1993ರಲ್ಲಿ ಹೇಳಿತು.

ಅಮಾನತು ಶಿಕ್ಷೆಯಲ್ಲ, ಊರವರು ಇದನ್ನು ಮರೆಯುತ್ತಾರೆ. ವಿಚಾರಣೆಗೆ ಅಡ್ಡಿಯಾಗದಿರಲೆಂದು ದೂರ ಇರಿಸುವ ಏರ್ಪಾಡು ಅದು; ಆ ಕಾಲದಲ್ಲಿ ಜೀವನಾಧಾರ ಭತ್ಯೆ ಕೊಡಬೇಕು. ಮೂರು ತಿಂಗಳೊಳಗೆ ದೋಷಾರೋಪಣ ಪಟ್ಟಿಯನ್ನೇ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದೆಂದು 2015ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

‘ಹಾಗಾದರೆ ನಿಜವಾಗಿ ತಪ್ಪು ಮಾಡಿದವನ ಗತಿ?’ ಎಂದು ಹಿಂದಿನ ಸಾಲಿನ ಯಜಮಾನರು ಕೇಳುತ್ತಿದ್ದಾರೆ. ಕೇಳತಕ್ಕ ಪ್ರಶ್ನೆಯೇ. ಕುಡಿದು ಶಾಲೆಗೆ ಬರುತ್ತಿದ್ದ ಒಬ್ಬನನ್ನು ನಾವು ವಜಾ ಮಾಡಿಸಿದೆವು. ಊರವರ ಒತ್ತಾಯಕ್ಕೆ ಆತುರಪಟ್ಟು, ಸಾಕ್ಷಿಗಳ ಹೇಳಿಕೆಯ ನಕಲು ಕೊಡಲಿಲ್ಲ. ಪಾಟೀಸವಾಲಿಗೆ ದಿನ ಗೊತ್ತುಮಾಡಲಿಲ್ಲ. ಆತ ಆಡಳಿತ ನ್ಯಾಯಮಂಡಳಿಗೆ ಹೋದ, ಆಜ್ಞೆ ಬಿದ್ದುಹೋಯಿತು, ಹಿಂಬಾಕಿ ಸಂಬಳದೊಡನೆ ಆತ ಮತ್ತೆ ಅದೇ ಶಾಲೆಯ ಮೆಟ್ಟಿಲು ಹತ್ತಿದ. ಆ ಕಡತದಲ್ಲಿ ನನ್ನ ಸಹಿಯೂ ಇತ್ತು.

ಆದುದರಿಂದ ದೂರು ಬರೆಯುವಾಗ ‘ಮೇಷ್ಟ್ರು ಸರಿಯಿಲ್ಲ’ ಎಂದು ಬರೆಯಬೇಡಿರಿ. ಯಾವ ದಿನ, ಎಷ್ಟು ಹೊತ್ತಿಗೆ, ಏನಾಯಿತು, ಕಂಡವರು ಯಾರು ಎಂದು ಬರೆಯಿರಿ. ಕಂಡವರು ಮಾತ್ರ ಸಹಿ ಹಾಕಲಿ. ಆರು ಜನರಿದ್ದರೂ ಸಾಕು. ಹೆಸರಿಲ್ಲದ ಅರ್ಜಿ ಬೇಡ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿಟ್ಟು ನಡವಳಿ ಪುಸ್ತಕದಲ್ಲಿ ದಾಖಲು ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊತ್ತಿಗೆ ಸರಿಯಾಗಿ ಶಾಲೆಗೆ ಬರಬೇಕೆಂಬುದು 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ. ತಪ್ಪಿದರೆ ಶಿಸ್ತು ಕ್ರಮವೂ ಉಂಟು, ಆದರೆ ಅದಕ್ಕೆ ಮೊದಲು ಉಪಾಧ್ಯಾಯರ ಮಾತು ಕೇಳಬೇಕೆಂದು ಅದೇ ಕಲಮು ಹೇಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಲಾಖೆಯ ದಾರಿ ಕಾಯಬೇಡಿರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆಯೆಂದು ತಿಳಿದರೆ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಊರ ಮರ್ಯಾದೆಯೆಂದು ಪಂಚಾಯಿತಿ ಕಟ್ಟೆಯಲ್ಲಿ ಮುಗಿಸುವುದು ಅಪರಾಧ.

ಕೊನೆಗೆ, ಈ ಸಭೆಯಲ್ಲಿರುವ ಅತಿಥಿ ಶಿಕ್ಷಕರ ಮಾತು. ನಾನು ಇಷ್ಟು ಹೊತ್ತು ಹೇಳಿದ ರಕ್ಷಣೆ ಅವರಿಗೆ ಹೆಚ್ಚು ಕಡಿಮೆ ಇಲ್ಲವೆಂದೇ ಹೇಳಬೇಕು. ಅವರದು ಆ ಶಾಲಾ ವರ್ಷದ ಮಟ್ಟಿನ ಕೆಲಸ. ಒಂದು ಸುಳ್ಳು ಅರ್ಜಿ ಬಿದ್ದರೆ ಮುಂದಿನ ಜೂನ್‌ನಲ್ಲಿ ಕರೆ ಬಾರದೇ ಹೋಗಬಹುದು, ಕಾರಣವನ್ನೂ ಯಾರೂ ಹೇಳಲಾರರು. ನಿಮ್ಮೂರಿನಲ್ಲಿ ಅಂಥವರ ಮೇಲೆ ದೂರು ಬಂದರೆ, ಸಮಿತಿಯವರು ಅವರನ್ನೂ ಕರೆದು, ಕುರ್ಚಿ ಕೊಟ್ಟು ಕೂರಿಸಿ, ಅವರ ಮಾತನ್ನು ನಡವಳಿಯಲ್ಲಿ ಬರೆಸಿರಿ. ಅದಕ್ಕೆ ಯಾವ ಸರ್ಕಾರದ ಆಜ್ಞೆಯೂ ಬೇಕಾಗಿಲ್ಲ.