ನೋವು ಮರೆಸುವ ಲಿಗ್ನೋಕೇನ್



ಹಲ್ಲು ಕೀಳುವ ಮುನ್ನ ವೈದ್ಯರು ವಸಡಿಗೆ ಚುಚ್ಚುವ ಮದ್ದು ಹೆಚ್ಚಾಗಿ ಲಿಗ್ನೋಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಇದನ್ನು ತಯಾರಿಸಿದರು. ನರದೊಳಗೆ ಸೋಡಿಯಂ ನುಗ್ಗಿದಾಗಲೇ ನೋವಿನ ಸಂದೇಶ ಮೆದುಳಿನತ್ತ ಸಾಗುವುದು. ಲಿಗ್ನೋಕೇನ್ ಆ ದಾರಿಯನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ರೋಗಿ ಎಚ್ಚರವಾಗಿದ್ದರೂ ನೋವು ತಿಳಿಯದು. ಹೃದಯದ ಕೆಲವು ಅಪಾಯಕಾರಿ ಬಡಿತಗಳನ್ನು ಹತೋಟಿಗೆ ತರಲೂ ಇದನ್ನು ರಕ್ತನಾಳಕ್ಕೆ ಕೊಡುವುದುಂಟು.

ಆದರೆ ಪ್ರಮಾಣ ಮೀರಿದರೆ ಇದೇ ಮದ್ದು ಫಿಟ್ಸ್ ತರಬಲ್ಲದು, ಹೃದಯವನ್ನೇ ನಿಲ್ಲಿಸಬಲ್ಲದು. ಹಲ್ಲು ಮೂಡುವ ಕೂಸಿನ ವಸಡಿಗೆ ಇದನ್ನು ಹಚ್ಚಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತು. ತೊಳೆದ ಬೆರಳಿನಿಂದ ವಸಡನ್ನು ಮೆಲ್ಲಗೆ ಉಜ್ಜಿದರೆ ಸಾಕು. ನಿಮಗೆ ಹೃದ್ರೋಗವೋ ಅಲರ್ಜಿಯೋ ಇದ್ದರೆ, ಚುಚ್ಚುಮದ್ದಿಗೆ ಮೊದಲೇ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಈ ಮಾತನ್ನು ಮನೆಯವರಿಗೂ ಹೇಳಿ.