ಲಿವರ್ ಕಸಿಯ ನಂತರ: ಸಕ್ಕರೆ, ಬಿ.ಪಿ., ಬೊಜ್ಜಿನ ಬಗ್ಗೆ ಎಚ್ಚರವಿರಲಿ

(ಲಿವರ್ ಕಸಿ ಮಾಡಿಸಿಕೊಂಡವರು ಹಾಗೂ ಅವರ ಮನೆಯವರ ಸಭೆಯಲ್ಲಿ ಸಿಸ್ಟರ್ ಒಬ್ಬರು ನೀಡಿದ ಮಾಹಿತಿ)



ನಮ್ಮ ದೇಶದಲ್ಲಿ ಅಂಗಾಂಗ ಕಸಿಯ ಕಾನೂನು ಬಂದದ್ದು 1994ರಲ್ಲಿ. ಮೊದಲ ಯಶಸ್ವಿ ಲಿವರ್ ಕಸಿ ನಡೆದದ್ದು 1998ರಲ್ಲಿ. ಇಂದು ಕಸಿಯಾದ ಅನೇಕರು ಹತ್ತಿಪ್ಪತ್ತು ವರ್ಷ ದುಡಿದು ಬಾಳುತ್ತಿದ್ದಾರೆ. ಹೀಗಿರುವಾಗ "ಆಪರೇಷನ್ ಆಯ್ತು, ಗೆದ್ದೆವು" ಅಂತ ಸುಮ್ಮನಿದ್ದರೆ ಸಾಕೇ? ಸಾಲದು. ಹೊಸ ಲಿವರ್ ಚೆನ್ನಾಗಿದ್ದರೂ ಮುಂದಿನ ವರ್ಷಗಳಲ್ಲಿ ಹೃದಯ, ಕಿಡ್ನಿ ಕೆಡಬಹುದು. ಅದಕ್ಕೆ ಮುಖ್ಯ ಕಾರಣಗಳು ಸಕ್ಕರೆ ಕಾಯಿಲೆ, ಬಿ.ಪಿ., ರಕ್ತದ ಕೊಬ್ಬು ಮತ್ತು ಹೊಟ್ಟೆಯ ಬೊಜ್ಜು.

ನಮ್ಮಲ್ಲಿಗೆ ಬರುವ ಒಬ್ಬ ಸಹೋದರರ ವಿಷಯ ಹೇಳ್ತೇನೆ. ಲಿವರ್‌ನ ಭಾಗ ಕೊಟ್ಟದ್ದು ಅವರ ಹೆಂಡತಿ. ಒಂದು ವರ್ಷದಲ್ಲಿ ಅವರ ತೂಕ 16 ಕಿಲೋ ಏರಿತು. "ಮೈ ತುಂಬಿಕೊಂಡಿದೆ" ಅಂತ ಮನೆಯವರಿಗೆಲ್ಲ ಸಂತೋಷ. ಲಿವರ್‌ನ ಪರೀಕ್ಷೆಯೂ ಸರಿಯಿತ್ತು. ಆದರೆ ಪಾದ ಉರಿಯುತ್ತದೆ ಅಂತ ಹೋಗಿ ನೋಡಿದರೆ ಸಕ್ಕರೆ 300 ದಾಟಿತ್ತು!

ಹೀಗೇಕೆ ಆಗುತ್ತದೆ? ಲಿವರ್ ಕೆಟ್ಟಿದ್ದಾಗ ಹಸಿವಿರುವುದಿಲ್ಲ, ಮಾಂಸಖಂಡ ಕರಗಿರುತ್ತದೆ. ಕಸಿಯಾದ ಮೇಲೆ ಹಸಿವು ಮರಳಿ ಬರುತ್ತದೆ. ಸ್ಟೀರಾಯ್ಡ್ ಮಾತ್ರೆ ಅದನ್ನು ಇನ್ನೂ ಹೆಚ್ಚಿಸುತ್ತದೆ. ಎಷ್ಟೋ ದಿನ ಪಥ್ಯ ಮಾಡಿದವರಿಗೆ ಮನೆಯವರು ಪ್ರೀತಿಯಿಂದ ತುಪ್ಪ, ಸಿಹಿ, ಕೋಳಿ ಅಂತ ಬಡಿಸುತ್ತಾರೆ. ನಡಿಗೆ ಇಲ್ಲದಿದ್ದರೆ ಇದೆಲ್ಲ ಮಾಂಸಖಂಡವಾಗುವುದಿಲ್ಲ, ಹೊಟ್ಟೆಯ ಬೊಜ್ಜಾಗುತ್ತದೆ.

ಔಷಧಿಗಳ ಪಾಲೂ ಇದೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್, ಇನ್ಸುಲಿನ್ ಬರುವುದನ್ನು ಕಡಿಮೆ ಮಾಡುತ್ತದೆ, ಬಿ.ಪಿ. ಏರಿಸುತ್ತದೆ, ಕಿಡ್ನಿಗೂ ಭಾರ. ಎವೆರೋಲಿಮಸ್ ರಕ್ತದ ಕೊಬ್ಬನ್ನು ಏರಿಸುತ್ತದೆ. ಇದನ್ನು ಕೇಳಿ ಹೆದರಿ ಮಾತ್ರೆ ನಿಲ್ಲಿಸಬೇಡಿ! ನಿಲ್ಲಿಸಿದರೆ ಲಿವರೇ ಹೋದೀತು. ಸ್ಟೀರಾಯ್ಡನ್ನು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಡಾಕ್ಟರೇ ಕಡಿಮೆ ಮಾಡುತ್ತಾರೆ. ಪ್ರಮಾಣ ಬದಲಿಸುವ ಕೆಲಸ ಅವರದು, ನಮ್ಮದಲ್ಲ.

ಕೊಬ್ಬಿನ ಲಿವರ್‌ನಿಂದಾಗಿ ಕಸಿ ಮಾಡಿಸಿಕೊಂಡವರು ಇನ್ನೂ ಜಾಗ್ರತೆಯಾಗಿರಬೇಕು. ಹೊಸ ಲಿವರ್‌ನಲ್ಲೂ ಮತ್ತೆ ಕೊಬ್ಬು ತುಂಬಬಹುದು.

ಹಾಗಾದರೆ ನಾವೇನು ಮಾಡಬಹುದು?

1. ತಿಂಗಳಿಗೊಮ್ಮೆ ತೂಕ ಮತ್ತು ಸೊಂಟದ ಸುತ್ತಳತೆ ಬರೆದಿಡಿ. ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

2. ಬಿ.ಪಿ. 130/80ಕ್ಕಿಂತ ಮೇಲೇ ಇರುತ್ತಿದ್ದರೆ, ಖಾಲಿ ಹೊಟ್ಟೆಯ ಸಕ್ಕರೆ 100 ದಾಟಿದರೆ ಡಾಕ್ಟರಿಗೆ ತಿಳಿಸಿ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನು ಕಸಿಯಾದ ಹೊಸದರಲ್ಲಿ ಪೂರ್ತಿ ನಂಬುವಂತಿಲ್ಲ. ರಕ್ತ ಕಡಿಮೆಯಿದ್ದರೆ ಅದು ತಪ್ಪು ತೋರಿಸಬಹುದು.

3. ಅನ್ನ ಕಡಿಮೆ ಮಾಡಿ, ಬೇಯಿಸಿದ ತರಕಾರಿ, ಬೇಳೆ, ಮೀನು, ಮೊಟ್ಟೆ ಹೆಚ್ಚಿಸಿ. ಮಾಂಸಖಂಡ ಬೆಳೆಯಲು ಪ್ರೋಟೀನ್ ಬೇಕು. ಉಪ್ಪು ದಿನಕ್ಕೆ ಒಂದು ಚಿಕ್ಕ ಚಮಚದೊಳಗೆ. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳದಲ್ಲಿ ಇರುವುದೂ ಉಪ್ಪೇ ಅಲ್ವಾ?

4. ಡಾಕ್ಟರು ಒಪ್ಪಿದ ಮೇಲೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಚುರುಕಾಗಿ ನಡೆಯಿರಿ.

5. ಚಕ್ಕೋತ ಹಣ್ಣು ತಿನ್ನಬೇಡಿ, ಅದು ಟ್ಯಾಕ್ರೋಲಿಮಸ್ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ಸಕ್ಕರೆ ಇಳಿಯುತ್ತದೆ ಅಂತ ಅಮೃತಬಳ್ಳಿಯ ಕಷಾಯ ಕುಡಿಯಬೇಡಿ, ಅದರಿಂದ ಲಿವರ್‌ಗೆ ಪೆಟ್ಟು ಬಿದ್ದ ಉದಾಹರಣೆಗಳಿವೆ. ಕೇಳದೆ ನೋವಿನ ಮಾತ್ರೆ ನುಂಗುವುದೂ ಬೇಡ. ಕುಡಿತ, ಬೀಡಿ, ಸಿಗರೇಟು ಪೂರ್ತಿ ಬಿಡಿ.

ಖರ್ಚಿನ ಚಿಂತೆ ನನಗೂ ಗೊತ್ತು. ಕಸಿಗಾಗಿ ಜಾಗ ಮಾರಿದವರು, ಚಿನ್ನ ಅಡವಿಟ್ಟವರು ಇಲ್ಲಿದ್ದೀರಿ. ಬಿ.ಪಿ., ಸಕ್ಕರೆಯ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಇವುಗಳ ಮಾತ್ರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಕಸಿಯ ಮಾತ್ರೆಯ ಕಂಪೆನಿಯನ್ನು ಅಗ್ಗ ಅಂತ ನೀವಾಗಿ ಬದಲಿಸಬೇಡಿ.

ಮನೆಯ ತಾಯಂದಿರಿಗೆ, ಅಕ್ಕಂದಿರಿಗೆ ಒಂದು ಮಾತು. "ಇನ್ನೊಂದು ತುತ್ತು" ಅನ್ನುವುದು ನಮ್ಮ ಪ್ರೀತಿಯ ಭಾಷೆ. ಇನ್ನು ಮುಂದೆ "ಬಾ, ಒಟ್ಟಿಗೆ ನಡೆದು ಬರುವಾ" ಅನ್ನಿ. ಅವರೊಬ್ಬರಿಗೇ ಪಥ್ಯದ ಅಡುಗೆ ಬೇಡ, ಇಡೀ ಮನೆಗೆ ಅದೇ ಊಟವಾಗಲಿ. ಲಿವರ್ ಕೊಟ್ಟವರ ಆರೋಗ್ಯಕ್ಕೂ ಅದು ಒಳ್ಳೆಯದು.

ಮೇಲೆ ಹೇಳಿದ ಆ ಸಹೋದರರು ಈಗ ಇನ್ಸುಲಿನ್ ತೆಗೆದುಕೊಳ್ಳುತ್ತಾ, ದಿನಾ ನಡೆಯುತ್ತಾ 9 ಕಿಲೋ ಇಳಿಸಿದ್ದಾರೆ, ಕೆಲಸಕ್ಕೂ ಹೋಗುತ್ತಿದ್ದಾರೆ. ತಡವಾಗಿ ಗೊತ್ತಾದರೂ ಸರಿಪಡಿಸಿಕೊಳ್ಳಲು ದಾರಿಯಿದೆ. ಬೇಗ ಗೊತ್ತಾದರೆ ದಾರಿ ಇನ್ನೂ ಸುಲಭ. ಒಬ್ಬರು ತಮ್ಮ ದೇಹದ ಭಾಗವನ್ನೇ ಕೊಟ್ಟು ಉಳಿಸಿದ ಜೀವ ಇದು. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತೂಕ, ಸುತ್ತಳತೆ, ಬಿ.ಪಿ., ಸಕ್ಕರೆ ಬರೆದ ಪುಸ್ತಕ ತನ್ನಿ, ಒಟ್ಟಿಗೆ ಕೂತು ನೋಡೋಣ.